ಹೋಂಸ್ಟೇ, ವಸತಿಗೃಹ, ರೆಸಾರ್ಟ್: ಪರವಾನಗಿ ನೀಡುವ ಮುನ್ನ ಗ್ರಾಮ ಪಂಚಾಯಿತಿ ನೋಡಬೇಕಾದುದೇನು?

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ದಾರಿಹೋಕರಿಗೆ ಅನ್ನ, ನೀರು ಮತ್ತು ತಂಗಲು ನೆರಳು ಕೊಡುವುದು ಕನ್ನಡ ನಾಡಿನ ಹಳ್ಳಿಗಳಿಗೆ ಹೊಸತಲ್ಲ. ಅರವಟ್ಟಿಗೆ, ಧರ್ಮಛತ್ರ, ಮುಸಾಫಿರಖಾನೆಗಳ ಹೆಸರು ಇಂದಿಗೂ ಅನೇಕ ಊರುಗಳ ಬೀದಿಗಳಿಗೆ ಅಂಟಿಕೊಂಡಿದೆ. ಹೊಸತಾಗಿರುವುದು ಆತಿಥ್ಯವು ಉದ್ಯಮವಾಗಿ ಹಳ್ಳಿಯೊಳಕ್ಕೆ ಬಂದಿರುವ ವೇಗ. ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ, ಉತ್ತರ ಕನ್ನಡ ಮತ್ತು ಉಡುಪಿಯ ಕಡಲ ಬದಿಯಲ್ಲಿ, ಹಂಪಿ ಮತ್ತು ಆನೆಗೊಂದಿಯ ಸುತ್ತ, ಬಂಡೀಪುರದ ಕಾಡಂಚಿನಲ್ಲಿ ಹೋಂಸ್ಟೇ ಮತ್ತು ರೆಸಾರ್ಟ್‌ಗಳ ಫಲಕಗಳು ಸಾಲುಗಟ್ಟಿವೆ. ಪಂಚಾಯಿತಿಯ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಬೀದಿ ದೀಪ, ಕುಡಿಯುವ ನೀರು, ಚರಂಡಿಗಳ ಜೊತೆಗೆ ಈಗ ಇಂತಹ ಅರ್ಜಿಗಳೂ ಬರುತ್ತಿವೆ.

ಈ ಅರ್ಜಿಗಳ ಮೇಲೆ ಪಂಚಾಯಿತಿ ಕೈಗೊಳ್ಳುವ ನಿರ್ಣಯ ನೋಡಲು ಒಂದು ಹಾಳೆಯಷ್ಟೇ. ಆದರೆ ಆ ಹಾಳೆಯನ್ನು ತೋರಿಸಿ ಬ್ಯಾಂಕಿನಲ್ಲಿ ಸಾಲ ಪಡೆಯಲಾಗುತ್ತದೆ, ಗುಡ್ಡ ಅಗೆಯಲಾಗುತ್ತದೆ, ಕೊಳವೆಬಾವಿ ಕೊರೆಯಲಾಗುತ್ತದೆ. ದೂರದ ಊರಿನ ಕುಟುಂಬವೊಂದು ಅದನ್ನೇ ನಂಬಿ ರಾತ್ರಿ ಕಳೆಯುತ್ತದೆ. ಆದುದರಿಂದ ಪಂಚಾಯಿತಿಯು ತನ್ನ ಅಧಿಕಾರ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಅಧಿಕಾರವನ್ನು ಮೀರಿ ನೀಡಿದ ಅನುಮತಿ ಪಡೆದವರಿಗೂ ಆಸರೆಯಾಗದು, ಕೊಟ್ಟವರಿಗೂ ಗೌರವ ತಾರದು.

ಎರಡು ಅರ್ಜಿಗಳು

ವಿಷಯವನ್ನು ಸುಲಭವಾಗಿ ಗ್ರಹಿಸಲು ಎರಡು ಅರ್ಜಿಗಳನ್ನು ಕಲ್ಪಿಸಿಕೊಳ್ಳಬಹುದು. ಮೊದಲನೆಯದು, ತೋಟದ ನಡುವಿನ ಹಳೆಯ ಹೆಂಚಿನ ಮನೆಯಲ್ಲಿ ವಾಸಿಸುವ ಒಬ್ಬ ಮಹಿಳೆಯದು. ಮಕ್ಕಳು ಪಟ್ಟಣ ಸೇರಿದ್ದಾರೆ, ಎರಡು ಕೋಣೆಗಳು ಖಾಲಿ ಇವೆ, ಅತಿಥಿಗಳಿಗೆ ಮನೆಯ ಅಡುಗೆಯನ್ನೇ ಬಡಿಸುವ ಉದ್ದೇಶ. ಎರಡನೆಯದು, ಊರಿನಲ್ಲಿ ವಾಸವಿಲ್ಲದ ಪಾಲುದಾರರ ಸಂಸ್ಥೆಯೊಂದರದು. ಹಳ್ಳದ ದಡದಲ್ಲಿ ಇಪ್ಪತ್ತು ಕುಟೀರಗಳು, ಈಜುಕೊಳ, ಭೋಜನಶಾಲೆ ಮತ್ತು ರಾತ್ರಿಯ ಸಂಗೀತ ಕಾರ್ಯಕ್ರಮದ ಅಂಗಳ ಅದರ ಯೋಜನೆಯಲ್ಲಿವೆ. ಎರಡೂ ಅರ್ಜಿಗಳ ಮೇಲೆ ಬರೆದಿರುವುದು ಒಂದೇ ಪದ: ಹೋಂಸ್ಟೇ.

ಇಂತಹ ಸಂದರ್ಭದಲ್ಲಿ ಎರಡು ಬಗೆಯ ತಪ್ಪು ನಡೆಯುವ ಸಾಧ್ಯತೆಯಿದೆ. ಎರಡನೆಯ ಅರ್ಜಿದಾರರ ಬಳಿ ಕಡತ ಅಚ್ಚುಕಟ್ಟಾಗಿರುತ್ತದೆ, ಓಡಾಡುವವರು ಇರುತ್ತಾರೆ. ಹಾಗಾಗಿ ಅವರ ಕೆಲಸ ಬೇಗ ಮುಗಿಯುತ್ತದೆ. ಮೊದಲನೆಯವರು ಯಾವ ಕಚೇರಿಗೆ ಹೋಗಬೇಕೆಂದು ತಿಳಿಯದೆ ತಿಂಗಳುಗಟ್ಟಲೆ ಅಲೆಯುತ್ತಾರೆ, ಕೊನೆಗೆ ಪರವಾನಗಿಯ ಗೊಡವೆಯೇ ಬೇಡವೆಂದು ಸುಮ್ಮನಾಗುತ್ತಾರೆ. ನಿಯಮವು ಸಣ್ಣವರಿಗೆ ಗೋಡೆಯಾಗಿ, ದೊಡ್ಡವರಿಗೆ ಬಾಗಿಲಾಗಿ ಪರಿಣಮಿಸಬಾರದು. ಇದನ್ನು ತಡೆಯುವ ಮೊದಲ ಹೆಜ್ಜೆ ಪಂಚಾಯಿತಿಯ ಸಭೆಯಲ್ಲಿಯೇ ಇದೆ.

ಹೆಸರಲ್ಲ, ಸ್ವರೂಪ ಮುಖ್ಯ

ಹೋಂಸ್ಟೇ ಎಂದರೆ ಮಾಲೀಕರ ಕುಟುಂಬ ವಾಸವಿರುವ ಮನೆಯ ಕೆಲವು ಕೋಣೆಗಳನ್ನು ಅತಿಥಿಗಳಿಗೆ ನೀಡುವುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಮಾನ್ಯತಾ ಯೋಜನೆಯಲ್ಲಿ ಕನಿಷ್ಠ 1, ಗರಿಷ್ಠ 6 ಕೋಣೆಗಳೆಂಬ ಮಿತಿಯಿದ್ದು, ಮಾಲೀಕರು ಕುಟುಂಬಸಮೇತ ಅಲ್ಲಿಯೇ ವಾಸವಿರಬೇಕೆಂಬ ಷರತ್ತಿದೆ. ಸೌಲಭ್ಯಗಳಿಗೆ ಅನುಗುಣವಾಗಿ ಬೆಳ್ಳಿ ಮತ್ತು ಚಿನ್ನ ಎಂಬ ಎರಡು ದರ್ಜೆಗಳನ್ನು ನೀಡಲಾಗುತ್ತದೆ. ರಾಜ್ಯ ಪ್ರವಾಸೋದ್ಯಮ ಇಲಾಖೆಯೂ ತನ್ನ ಮಾರ್ಗಸೂಚಿಗಳ ಪ್ರಕಾರ ಹೋಂಸ್ಟೇಗಳನ್ನು ನೋಂದಾಯಿಸುತ್ತದೆ. ಮಾಲೀಕರು ವಾಸವಿಲ್ಲದೆ, ನೌಕರರೇ ನಡೆಸುವ ಕೋಣೆಗಳ ಸಮೂಹ ವಸತಿಗೃಹವೋ ಲಾಡ್ಜೋ ಆಗುತ್ತದೆ. ವಿಶಾಲ ಆವರಣ, ಕುಟೀರಗಳು ಮತ್ತು ಮನರಂಜನೆಯ ಸೌಲಭ್ಯಗಳಿರುವುದು ರೆಸಾರ್ಟ್. ಫಲಕದ ಮೇಲಿನ ಹೆಸರು ಇದನ್ನು ಬದಲಿಸಲಾರದು.

ಆದುದರಿಂದ ಅರ್ಜಿ ಬಂದೊಡನೆ ಕೇಳಬೇಕಾದ ಪ್ರಶ್ನೆ ಸರಳ: ಈ ಮನೆಯಲ್ಲಿ ರಾತ್ರಿ ಯಾರು ಮಲಗುತ್ತಾರೆ? ಮಾಲೀಕರ ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ ಮತ್ತು ವಿದ್ಯುತ್ ಬಿಲ್ಲು ಯಾವ ವಿಳಾಸದಲ್ಲಿವೆ ಎಂಬುದನ್ನು ನೋಡಿದರೆ ಉತ್ತರ ದೊರೆಯುತ್ತದೆ. ಇದಕ್ಕಿಂತ ಖಚಿತವಾದ ಮಾಹಿತಿ ಆ ವಾರ್ಡಿನ ಸದಸ್ಯರಿಗೇ ಇರುತ್ತದೆ. ದೂರದ ಕಚೇರಿಯ ಅಧಿಕಾರಿಗೆ ಕಾಣದ ಈ ಸತ್ಯವನ್ನು ಕಡತಕ್ಕೆ ಸೇರಿಸುವುದು ಸದಸ್ಯರ ಕರ್ತವ್ಯ.

ಸ್ವರೂಪ ನಿರ್ಧಾರವಾದ ಬಳಿಕ ನಾಲ್ಕು ವಿಷಯಗಳನ್ನು ಅನುಕ್ರಮವಾಗಿ ಪರಿಶೀಲಿಸಬೇಕು: ನೆಲ, ಕಟ್ಟಡ, ವ್ಯವಹಾರ ಮತ್ತು ಅತಿಥಿ. ಈ ಅನುಕ್ರಮ ತಪ್ಪಿದರೆ, ಎಂದರೆ ನೆಲದ ಪ್ರಶ್ನೆ ಇತ್ಯರ್ಥವಾಗುವ ಮುನ್ನ ವ್ಯಾಪಾರ ಪರವಾನಗಿ ನೀಡಿದರೆ, ಮುಂದಿನ ಎಲ್ಲ ಕಾಗದಗಳೂ ಮರಳಿನ ಮೇಲೆ ನಿಲ್ಲುತ್ತವೆ.

ಮೊದಲನೆಯದು ನೆಲ

ಕೃಷಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದಂತೆ ಭೂ ಪರಿವರ್ತನೆ ಆಗಬೇಕು. ಇದು ಜಿಲ್ಲಾಧಿಕಾರಿಗಳ ವ್ಯಾಪ್ತಿಗೆ ಸೇರಿದ ವಿಷಯ. ಪಂಚಾಯಿತಿಯ ನಿರ್ಣಯವಾಗಲೀ ನಿರಾಕ್ಷೇಪಣಾ ಪತ್ರವಾಗಲೀ ಭೂ ಪರಿವರ್ತನೆಯ ಸ್ಥಾನವನ್ನು ತುಂಬಲಾರದು. ಪಹಣಿಯಲ್ಲಿ ತೋಟವೆಂದು ಇರುವ ಸರ್ವೆ ನಂಬರಿನಲ್ಲಿ ಇಪ್ಪತ್ತು ಕುಟೀರಗಳಿಗೆ ಅನುಮತಿ ಕೇಳಿದರೆ, ಪರಿವರ್ತನೆಯ ಆದೇಶ ಮತ್ತು ಅದರಲ್ಲಿ ನಮೂದಾದ ಉದ್ದೇಶ ಎರಡನ್ನೂ ನೋಡಬೇಕು. ವಾಸದ ಉದ್ದೇಶಕ್ಕೆ ಪರಿವರ್ತಿಸಿದ ಜಮೀನಿನಲ್ಲಿ ವಾಣಿಜ್ಯ ಕಟ್ಟಡ ಎದ್ದರೆ ಅದು ಆದೇಶದ ಉಲ್ಲಂಘನೆ.

ಸ್ವತ್ತು ಗ್ರಾಮ ಪಂಚಾಯಿತಿಯ ದಾಖಲೆಯಲ್ಲಿದ್ದರೆ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ನ್ನು ಪರಿಶೀಲಿಸಬೇಕು. ಅಳತೆ, ಚಕ್ಕುಬಂದಿ ಮತ್ತು ಬಳಕೆಯ ವಿವರ ಸ್ಥಳದಲ್ಲಿ ಕಾಣುವುದಕ್ಕೆ ತಾಳೆಯಾಗಬೇಕು. ಗೋಮಾಳ, ಕೆರೆ ಅಂಗಳ, ರಾಜಕಾಲುವೆ ಹಾಗೂ ಹಳ್ಳದ ಬದಿಯ ಸರ್ಕಾರಿ ಜಾಗ ಒತ್ತುವರಿಯಾಗಿದೆಯೇ ಎಂಬುದನ್ನು ಗ್ರಾಮ ನಕ್ಷೆಯೊಂದಿಗೆ ಹೋಲಿಸಬೇಕು. ಅನುಮಾನವಿದ್ದರೆ ಅಳತೆಗೆ ಪತ್ರ ಬರೆದು ಉತ್ತರ ಬರುವವರೆಗೆ ಅರ್ಜಿಯನ್ನು ಬಾಕಿ ಇರಿಸುವುದೇ ಸರಿಯಾದ ಕ್ರಮ.

ವಿಶೇಷ ರಕ್ಷಣೆಯ ಪ್ರದೇಶಗಳು

ಕೆಲವು ಪ್ರದೇಶಗಳಲ್ಲಿ ಭೂ ಪರಿವರ್ತನೆಯಷ್ಟೇ ಸಾಲದು. ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿಧಾಮಗಳ ಸುತ್ತ ಪರಿಸರ (ಸಂರಕ್ಷಣೆ) ಅಧಿನಿಯಮ, 1986ರ ಅಡಿಯಲ್ಲಿ ಪರಿಸರ ಸೂಕ್ಷ್ಮ ವಲಯಗಳನ್ನು ಘೋಷಿಸಲಾಗುತ್ತದೆ. ಬಂಡೀಪುರದ ಸುತ್ತ ಇಂತಹ ವಲಯ 2012ರಲ್ಲಿ ಘೋಷಣೆಯಾಯಿತು. ಈ ಅಧಿಸೂಚನೆಗಳು ಚಟುವಟಿಕೆಗಳನ್ನು ನಿಷೇಧಿತ, ನಿಯಂತ್ರಿತ ಮತ್ತು ಅನುಮತಿಸಲಾದ ಎಂದು ಮೂರಾಗಿ ವಿಂಗಡಿಸುತ್ತವೆ. ವಾಣಿಜ್ಯ ಹೋಟೆಲ್ ಮತ್ತು ರೆಸಾರ್ಟ್‌ಗಳಿಗೆ ಅವುಗಳಲ್ಲಿ ಪ್ರತ್ಯೇಕ ಷರತ್ತುಗಳಿವೆ. ತನ್ನ ಗ್ರಾಮಗಳು ಅಧಿಸೂಚನೆಯ ಅನುಬಂಧದಲ್ಲಿ ಇವೆಯೇ ಎಂಬುದನ್ನು ಪ್ರತಿಯೊಂದು ಕಾಡಂಚಿನ ಪಂಚಾಯಿತಿಯೂ ತಿಳಿದಿರಬೇಕು. ಅಧಿಸೂಚನೆಯ ಒಂದು ಪ್ರತಿ ಮತ್ತು ನಕ್ಷೆ ಕಚೇರಿಯ ಗೋಡೆಯ ಮೇಲಿದ್ದರೆ ಅರ್ಜಿದಾರರಿಗೂ ಅನುಕೂಲ.

ಕರಾವಳಿಯಲ್ಲಿ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯನ್ನು ಗಮನಿಸಬೇಕು. ಗ್ರಾಮೀಣ ಕರಾವಳಿಯ ಬಹುಭಾಗ ಮೂರನೆಯ ವರ್ಗಕ್ಕೆ ಸೇರುತ್ತದೆ. ಅಲ್ಲಿ ಜನಸಾಂದ್ರತೆಗೆ ಅನುಗುಣವಾಗಿ, ಸಮುದ್ರದ ಉಬ್ಬರ ರೇಖೆಯಿಂದ 50 ಅಥವಾ 200 ಮೀಟರ್ ವರೆಗಿನ ಪ್ರದೇಶವನ್ನು ಅಭಿವೃದ್ಧಿ ನಿಷೇಧಿತ ವಲಯವೆಂದು ಗುರುತಿಸಲಾಗಿದೆ. ಆದರೆ ಇದೇ ಅಧಿಸೂಚನೆ ಮೀನುಗಾರರೂ ಸೇರಿದಂತೆ ಸ್ಥಳೀಯ ನಿವಾಸಿಗಳಿಗೆ ಒಂದು ಅವಕಾಶವನ್ನು ನೀಡಿದೆ: ಈಗಿರುವ ಮನೆಯ ತಳವಿಸ್ತೀರ್ಣ, ವಿನ್ಯಾಸ ಹಾಗೂ ಮುಂಭಾಗವನ್ನು ಬದಲಿಸದೆ ಅವರು ಹೋಂಸ್ಟೇ ನಡೆಸಬಹುದು. ಕಡಲ ಬದಿಯ ಮೀನುಗಾರ ಕುಟುಂಬಗಳಿಗೆ ಇದು ನಿಜವಾದ ಅವಕಾಶ. ಈ ವಿಷಯವನ್ನು ಗ್ರಾಮಸಭೆಯಲ್ಲಿ ತಿಳಿಸುವುದು ಪಂಚಾಯಿತಿ ಮಾಡಬಹುದಾದ ದೊಡ್ಡ ಉಪಕಾರ.

ರಾಷ್ಟ್ರೀಯ ಮಹತ್ವದ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಸ್ಥಳೀಯ ಯೋಜನಾ ಪ್ರದೇಶದೊಳಗಿನ ಗ್ರಾಮಗಳಲ್ಲಿ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರಂತೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇಕು. ಹಂಪಿಯ ಸುತ್ತಲಿನ ಗ್ರಾಮಗಳಿಗೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವಿದೆ.

ವಿರೂಪಾಪುರ ಗಡ್ಡೆಯ ಪಾಠ

ಹಂಪಿಯ ಎದುರಿಗೆ, ತುಂಗಭದ್ರೆಯ ಆಚೆ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿರುವ ವಿರೂಪಾಪುರ ಗಡ್ಡೆ ಒಂದು ಕಾಲದಲ್ಲಿ ದೇಶವಿದೇಶದ ಪ್ರವಾಸಿಗರಿಂದ ತುಂಬಿರುತ್ತಿತ್ತು. ಗುಡಿಸಲು ಮಾದರಿಯ ಕೋಣೆಗಳು, ಹೋಟೆಲ್‌ಗಳು, ರೆಸಾರ್ಟ್‌ಗಳು ವರ್ಷದಿಂದ ವರ್ಷಕ್ಕೆ ಹೆಚ್ಚಿದವು. ಆದರೆ ಆ ಪ್ರದೇಶವನ್ನು 1988ರಲ್ಲಿಯೇ ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಅಧಿನಿಯಮದ ಅಡಿಯಲ್ಲಿ ಸಂರಕ್ಷಿತವೆಂದು ಅಧಿಸೂಚಿಸಲಾಗಿತ್ತು. ಕಟ್ಟಡಗಳ ತೆರವಿನ ವಿಷಯ ಉಚ್ಚ ನ್ಯಾಯಾಲಯವನ್ನು ದಾಟಿ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೆರವನ್ನು ಎತ್ತಿಹಿಡಿಯಿತು. ಮುಂದಿನ ತಿಂಗಳಲ್ಲೇ ಯಂತ್ರಗಳು ನದಿ ದಾಟಿದವು.

ಈ ಪ್ರಕರಣದಲ್ಲಿ ಯಾರದು ಎಷ್ಟು ತಪ್ಪು ಎಂಬ ಚರ್ಚೆ ಇಲ್ಲಿ ಅಗತ್ಯವಿಲ್ಲ. ಪಂಚಾಯಿತಿಗಳು ನೆನಪಿಡಬೇಕಾದುದು ಇಷ್ಟು: ಹಲವು ವರ್ಷ ವ್ಯವಹಾರ ನಡೆದುಬಂದಿತೆಂಬ ಕಾರಣಕ್ಕೆ ಸಂರಕ್ಷಿತ ಪ್ರದೇಶದ ಕಟ್ಟಡ ಸಕ್ರಮವಾಗದು. ತೆರವಿನ ದಿನ ಹೂಡಿಕೆ ಮಾಡಿದವರಷ್ಟೇ ನಷ್ಟ ಅನುಭವಿಸುವುದಿಲ್ಲ. ಅಡುಗೆಯವರು, ಬಟ್ಟೆ ಒಗೆಯುವವರು, ಆಟೋ ಓಡಿಸುವವರು, ತೆಪ್ಪ ನಡೆಸುವವರು ಒಂದೇ ದಿನದಲ್ಲಿ ಕೆಲಸ ಕಳೆದುಕೊಳ್ಳುತ್ತಾರೆ. ಮೊದಲ ತಳಪಾಯಕ್ಕೇ 'ಇಲ್ಲಿ ಅವಕಾಶವಿಲ್ಲ' ಎಂದು ಲಿಖಿತವಾಗಿ ತಿಳಿಸಿದರೆ ಅದು ಕಠಿಣವಾಗಿ ಕಂಡರೂ ಅರ್ಜಿದಾರರಿಗೆ ಮಾಡಿದ ಉಪಕಾರವೇ ಸರಿ.

ಎರಡನೆಯದು ಕಟ್ಟಡ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣವು ಕಟ್ಟಡ ನಿರ್ಮಾಣವನ್ನು ನಿಯಂತ್ರಿಸುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ನೀಡಿದೆ. ಹೊಸ ಕಟ್ಟಡಕ್ಕಷ್ಟೇ ಅಲ್ಲ, ಇರುವ ಕಟ್ಟಡದ ವಿಸ್ತರಣೆಗೂ ಅನುಮತಿ ಅಗತ್ಯ. ವಾಸದ ಮನೆಯೆಂದು ಅನುಮತಿ ಪಡೆದು ಹತ್ತು ಕೋಣೆಗಳ ಲಾಡ್ಜ್ ಕಟ್ಟುವುದನ್ನು ತಡೆಯಲು ತಳಪಾಯದ ಹಂತದಲ್ಲಿ ಒಂದು, ಕಟ್ಟಡ ಪೂರ್ಣಗೊಂಡಾಗ ಒಂದು, ಹೀಗೆ ಎರಡು ಬಾರಿ ಸ್ಥಳ ಪರಿಶೀಲನೆ ನಡೆಸಿ ಛಾಯಾಚಿತ್ರ ಸಹಿತ ವರದಿಯನ್ನು ಕಡತದಲ್ಲಿ ಇರಿಸಬೇಕು.

ಗುಡ್ಡಗಾಡಿನ ಪಂಚಾಯಿತಿಗಳು ಇನ್ನೂ ಒಂದು ಅಂಶವನ್ನು ಮರೆಯಬಾರದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ಮನೆ, ತೋಟ, ರಸ್ತೆಗಳು ಕೊಚ್ಚಿಹೋದುದನ್ನು ನಾಡು ಕಂಡಿದೆ. ಇಳಿಜಾರನ್ನು ನೆಟ್ಟಗೆ ಕಡಿದು ಸಮತಟ್ಟು ಮಾಡುವುದು, ಮಳೆನೀರಿನ ಸಹಜ ಹರಿವನ್ನು ಮಣ್ಣಿನಿಂದ ಮುಚ್ಚುವುದು, ಹಳ್ಳದ ಪಾತ್ರಕ್ಕೆ ತಡೆಗೋಡೆ ಕಟ್ಟುವುದು ಮುಂದಿನ ಮಳೆಗಾಲಕ್ಕೆ ಆಹ್ವಾನ ಕೊಟ್ಟಂತೆ. ಕಟ್ಟಡದ ನಕ್ಷೆಯ ಜೊತೆಗೆ ಎಲ್ಲಿ ಎಷ್ಟು ಮಣ್ಣು ಕಡಿಯಲಾಗುತ್ತದೆ, ತೆಗೆದ ಮಣ್ಣು ಎಲ್ಲಿಗೆ ಹೋಗುತ್ತದೆ, ಮಳೆನೀರು ಯಾವ ದಾರಿ ಹಿಡಿಯುತ್ತದೆ ಎಂಬ ವಿವರವನ್ನು ಕೇಳಬೇಕು. ಆ ಗುಡ್ಡದ ಕೆಳಗೆ ಯಾರ ಮನೆಯಿದೆ ಎಂಬುದನ್ನು ಕೇಳುವವರು ಸದಸ್ಯರಲ್ಲದೆ ಬೇರೆ ಯಾರೂ ಇರಲಾರರು.

ಮೂರನೆಯದು ವ್ಯವಹಾರ

ಹೋಟೆಲ್, ವಸತಿಗೃಹ ಮೊದಲಾದ ಉದ್ದಿಮೆಗಳಿಗೆ ಪಂಚಾಯಿತಿಯ ವ್ಯಾಪಾರ ಪರವಾನಗಿ ಬೇಕು. ಈ ಪರವಾನಗಿ ಪಂಚಾಯಿತಿಯ ಮಟ್ಟಿಗಷ್ಟೇ ಸೀಮಿತ. ಉಳಿದ ಅನುಮತಿಗಳು ಬೇರೆ ಬೇರೆ ಇಲಾಖೆಗಳಿಗೆ ಸೇರಿವೆ. ಸದಸ್ಯರು ಅವುಗಳನ್ನು ತಾವೇ ನೀಡಲಾರರು; ಆದರೆ ಯಾವುದು ಎಲ್ಲಿ ದೊರೆಯುತ್ತದೆ ಎಂಬುದನ್ನು ಅರ್ಜಿದಾರರಿಗೆ ತಿಳಿಸಬಲ್ಲರು.

ಆಹಾರ ಬಡಿಸುವ ಪ್ರತಿಯೊಂದು ಉದ್ದಿಮೆಯೂ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ ಅಡಿಯಲ್ಲಿ ನೋಂದಣಿ ಅಥವಾ ಪರವಾನಗಿ ಪಡೆಯಬೇಕು. ಸಣ್ಣ ಉದ್ದಿಮೆಗೆ ಸರಳ ನೋಂದಣಿ, ದೊಡ್ಡದಕ್ಕೆ ಪರವಾನಗಿ. ಎರಡರಲ್ಲೂ 14 ಅಂಕಿಗಳ ಸಂಖ್ಯೆಯಿರುತ್ತದೆ. ಮನೆಯ ಅಡುಗೆಯನ್ನೇ ಬಡಿಸುತ್ತೇವೆಂಬ ಕಾರಣಕ್ಕೆ ಹಣ ಪಡೆದು ಊಟ ನೀಡುವ ಹೋಂಸ್ಟೇಗೆ ವಿನಾಯಿತಿ ದೊರೆಯದು.

ಮದ್ಯದ ವಿಷಯದಲ್ಲಿ ಗೊಂದಲಕ್ಕೆ ಆಸ್ಪದವಿರಬಾರದು. ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಅಡಿಯಲ್ಲಿ ಸನ್ನದು ಪಡೆಯದೆ ಮದ್ಯ ಮಾರುವಂತಿಲ್ಲ. ಹೋಟೆಲ್ ಮತ್ತು ವಸತಿಗೃಹಗಳಿಗೆ ಸಿಎಲ್-7, ಬಾರ್ ಮತ್ತು ರೆಸ್ಟೋರೆಂಟ್‌ಗೆ ಸಿಎಲ್-9 ಎಂಬ ಪ್ರತ್ಯೇಕ ಸನ್ನದುಗಳಿವೆ. ಪಂಚಾಯಿತಿಯ ವ್ಯಾಪಾರ ಪರವಾನಗಿಯಾಗಲೀ ಪ್ರವಾಸೋದ್ಯಮ ಇಲಾಖೆಯ ನೋಂದಣಿಯಾಗಲೀ ಮದ್ಯ ಮಾರಲು ಅನುಮತಿಯಾಗುವುದಿಲ್ಲ.

ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಸರಕು ಮತ್ತು ಸೇವಾ ತೆರಿಗೆಯ ನೋಂದಣಿ ಆಗಬೇಕು. ನೌಕರರನ್ನು ನೇಮಿಸಿಕೊಂಡಿದ್ದರೆ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರ ನೋಂದಣಿಗಾಗಿ ಕಾರ್ಮಿಕ ಇಲಾಖೆಯನ್ನು ಕೇಳಬೇಕು. 14 ವರ್ಷದೊಳಗಿನ ಮಕ್ಕಳನ್ನು ತಟ್ಟೆ ತೊಳೆಯಲು, ಕೋಣೆ ಗುಡಿಸಲು ಇರಿಸಿಕೊಳ್ಳುವುದು ಅಪರಾಧ. ಶಾಲೆ ಬಿಟ್ಟ ಮಗು ಎಲ್ಲಿದೆ ಎಂಬುದು ಊರಿನ ಸದಸ್ಯರಿಗೆ ತಿಳಿಯದ ಸಂಗತಿಯಲ್ಲ. ದೊಡ್ಡ ಹೋಟೆಲ್ ಮತ್ತು ರೆಸಾರ್ಟ್‌ಗಳು ಜಲ ಅಧಿನಿಯಮ, 1974 ಮತ್ತು ವಾಯು ಅಧಿನಿಯಮ, 1981ರಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಬೇಕು. ಕೋಣೆಗಳ ಸಂಖ್ಯೆ ಮತ್ತು ಕೊಳಚೆ ನೀರಿನ ಪ್ರಮಾಣವನ್ನು ನೋಡಿ ಮಂಡಳಿ ವರ್ಗ ನಿರ್ಧರಿಸುತ್ತದೆ.

ನಾಲ್ಕನೆಯದು ಅತಿಥಿ

ಬಂದವರ ಹೆಸರು, ವಿಳಾಸ, ಬಂದ ಮತ್ತು ಹೋದ ಸಮಯವನ್ನು ಬರೆದಿಡುವ ವಹಿ ಪ್ರತಿಯೊಂದು ವಸತಿ ಉದ್ದಿಮೆಯಲ್ಲಿಯೂ ಇರಬೇಕು. ವಿದೇಶೀಯರು ತಂಗಿದರೆ 24 ಗಂಟೆಯೊಳಗೆ ನಿಗದಿತ ನಮೂನೆಯಲ್ಲಿ ನೋಂದಣಿ ಅಧಿಕಾರಿಗೆ ಮಾಹಿತಿ ಸಲ್ಲಿಸಬೇಕು. ಬಹುಕಾಲದಿಂದ 'ಸಿ' ನಮೂನೆ ಎಂದೇ ಕರೆಯಲಾಗುವ ಈ ವ್ಯವಸ್ಥೆ ಈಗ ಆನ್‌ಲೈನ್‌ನಲ್ಲಿದೆ. ಒಂದೇ ಕೋಣೆಯ ಹೋಂಸ್ಟೇಗೂ ಇದು ಅನ್ವಯಿಸುತ್ತದೆ. ಹಾಗೆಯೇ, ಅತಿಥಿಗಳಿಂದ ಪಡೆದ ಗುರುತಿನ ಚೀಟಿಯ ಪ್ರತಿಗಳನ್ನು ಕಂಡಕಂಡವರ ಕೈಗೆ ಸಿಗದಂತೆ ಕಾಪಾಡುವುದು ಮಾಲೀಕರ ಹೊಣೆ.

2024ರ ನವೆಂಬರ್‌ನಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಸೋಮೇಶ್ವರ ಸಮೀಪದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಮೃತಪಟ್ಟರು. ಕೆಲವು ಅಡಿಗಳ ಆಳದ ನೀರು ಮೂರು ಮನೆಗಳ ದೀಪವನ್ನು ಆರಿಸಿತು. ಈಜುಕೊಳವಿರುವಲ್ಲಿ ಆಳವನ್ನು ಸೂಚಿಸುವ ಫಲಕ, ಹಠಾತ್ತಾಗಿ ಆಳವಾಗುವ ಕಡೆ ಎಚ್ಚರಿಕೆಯ ಗುರುತು, ಎಸೆಯಲು ತೇಲುಬಳೆ ಮತ್ತು ಹಗ್ಗ, ಈಜು ಬಲ್ಲ ಕಾವಲುಗಾರ, ನಿಗದಿತ ಸಮಯದ ನಂತರ ಬೀಗ ಹಾಕುವ ಬೇಲಿ ಇರಲೇಬೇಕೆಂದು ಪರವಾನಗಿಯ ಷರತ್ತಿನಲ್ಲಿ ಬರೆಯಬಹುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಮಾತಿಗೆ ಪಂಚಾಯಿತಿ ಉದಾಹರಣೆಯಾಗಬಾರದು.

ಈಜುಕೊಳವಿಲ್ಲದ ಸಣ್ಣ ಮನೆಗಳಲ್ಲಿ ಅಪಾಯ ಬೇರೆ ರೂಪದಲ್ಲಿರುತ್ತದೆ. ಕಿಟಕಿಯಿಲ್ಲದ ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಇರಿಸಿದರೆ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ ಒಳಗಿದ್ದವರು ಪ್ರಜ್ಞೆ ತಪ್ಪುತ್ತಾರೆ; ಎಚ್ಚರಿಕೆ ನೀಡುವ ಮುನ್ನವೇ ಪ್ರಾಣ ಹೋಗಬಹುದು. ಗೀಸರನ್ನು ಸ್ನಾನದ ಮನೆಯ ಹೊರಗೆ ಗಾಳಿಯಾಡುವ ಕಡೆ ಅಳವಡಿಸಬೇಕು. ಚಳಿಗೆಂದು ಮುಚ್ಚಿದ ಕೋಣೆಯೊಳಗೆ ಇದ್ದಿಲ ಅಗ್ಗಿಷ್ಟಿಕೆ ಇಡುವುದೂ ಇಷ್ಟೇ ಅಪಾಯಕಾರಿ. ವಿದ್ಯುತ್ ಸೋರಿಕೆಯಾದಾಗ ಸಂಪರ್ಕ ಕಡಿಯುವ ಸಾಧನ, ಅಡುಗೆಮನೆಯ ಬಳಿ ಅವಧಿ ಮೀರದ ಅಗ್ನಿಶಾಮಕ ಸಿಲಿಂಡರ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹತ್ತಿರದ ಆಸ್ಪತ್ರೆ ಮತ್ತು ಪೊಲೀಸ್ ಠಾಣೆಯ ದೂರವಾಣಿ ಸಂಖ್ಯೆಗಳ ಫಲಕ ಹೆಚ್ಚು ಖರ್ಚಿನ ವಿಷಯಗಳಲ್ಲ. 112 ತುರ್ತು ಸಂಖ್ಯೆ ಪ್ರತಿ ಕೋಣೆಯಲ್ಲಿಯೂ ಕಾಣುವಂತಿರಬೇಕು.

ಊರಿನ ಹಿತ

ಅತಿಥಿ ಎರಡು ದಿನವಿದ್ದು ಹೊರಡುತ್ತಾರೆ. ಊರಿನವರು ಅಲ್ಲಿಯೇ ಉಳಿಯುತ್ತಾರೆ. ಶೌಚಗುಂಡಿಯ ನೀರು ಇಳಿಜಾರಿನ ಕೆಳಗಿನ ಬಾವಿಗೆ ಸೇರಬಾರದು. ಬೇಸಿಗೆಯಲ್ಲಿ ಊರಿನ ನಲ್ಲಿಗಳಿಗೆ ದಿನ ಬಿಟ್ಟು ದಿನ ನೀರು ಬರುತ್ತಿರುವಾಗ ಈಜುಕೊಳಕ್ಕೆ ಪಂಚಾಯಿತಿಯ ಕೊಳವೆಯಿಂದ ನೀರು ಹೋಗಬಾರದು. ಹಸಿ ಮತ್ತು ಒಣ ಕಸವನ್ನು ಬೇರ್ಪಡಿಸಿ, ಹಸಿ ಕಸವನ್ನು ತೋಟದಲ್ಲಿಯೇ ಗೊಬ್ಬರವಾಗಿಸಿ, ಒಣ ಕಸವನ್ನು ಪಂಚಾಯಿತಿಯ ವಾಹನಕ್ಕೆ ಶುಲ್ಕ ಸಹಿತ ನೀಡುವ ವ್ಯವಸ್ಥೆ ಆಗಬೇಕು. ದೇಶದಾದ್ಯಂತ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಗೊತ್ತುಪಡಿಸಿದ ಪ್ಲಾಸ್ಟಿಕ್ ವಸ್ತುಗಳ ನಿಷೇಧ ಜಾರಿಯಲ್ಲಿದೆ. ತಟ್ಟೆ, ಲೋಟ, ಸ್ಟ್ರಾಗಳು ಅದರಲ್ಲಿ ಸೇರಿವೆ.

ಶಬ್ದದ ಬಗ್ಗೆ ಬರುವ ದೂರುಗಳೇ ಹೆಚ್ಚು. ಶಬ್ದ ಮಾಲಿನ್ಯ ನಿಯಮಗಳು, 2000ರಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಪರೀಕ್ಷೆಗೆ ಓದುವ ಮಗು, ನಸುಕಿನಲ್ಲಿ ಹಾಲು ಕರೆಯಲು ಏಳುವ ರೈತ, ಕಾಡಂಚಿನಲ್ಲಿ ಸಂಚರಿಸುವ ಪ್ರಾಣಿಗಳು ಎಲ್ಲರಿಗೂ ರಾತ್ರಿಯ ಮೌನದ ಮೇಲೆ ಹಕ್ಕಿದೆ.

ಸಭೆಯಲ್ಲಿ ಅನುಸರಿಸಬೇಕಾದ ಕ್ರಮ

ಅರ್ಜಿ ಬಂದ ದಿನವೇ ಸ್ವೀಕೃತಿ ನೀಡಬೇಕು. ಯಾವ ದಾಖಲೆ ಕೊರತೆಯಿದೆ ಎಂಬುದನ್ನು ಒಂದೇ ಬಾರಿಗೆ, ಲಿಖಿತವಾಗಿ ತಿಳಿಸಬೇಕು. ಪ್ರತಿ ಭೇಟಿಗೂ ಒಂದೊಂದು ಹೊಸ ಕಾಗದ ಕೇಳುವುದು ಅರ್ಜಿದಾರರನ್ನು ದಲ್ಲಾಳಿಗಳ ಬಳಿಗೆ ದೂಡುತ್ತದೆ. ಸಕಾಲ ಅಧಿನಿಯಮದ ಅಡಿಯಲ್ಲಿ ಅಧಿಸೂಚಿತವಾದ ಸೇವೆಗಳಿಗೆ ನಿಗದಿತ ಅವಧಿಯನ್ನು ಪಾಲಿಸಬೇಕು. ಸ್ಥಳ ಪರಿಶೀಲನೆಯಲ್ಲಿ ವಾರ್ಡಿನ ಸದಸ್ಯರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಇಬ್ಬರೂ ಇದ್ದು, ನೆರೆಯವರ ಹೇಳಿಕೆಯನ್ನೂ ಮಹಜರಿನಲ್ಲಿ ದಾಖಲಿಸುವುದು ಉತ್ತಮ.

ನಿರ್ಣಯವು 'ಅನುಮತಿ ನೀಡಲಾಗಿದೆ' ಎಂಬ ಒಂದು ಸಾಲಿನಲ್ಲಿ ಮುಗಿಯಬಾರದು. ಉದ್ದಿಮೆಯ ಸ್ವರೂಪ, ಸರ್ವೆ ನಂಬರ್ ಅಥವಾ ಸ್ವತ್ತಿನ ಸಂಖ್ಯೆ, ಕೋಣೆಗಳ ಸಂಖ್ಯೆ, ಪರವಾನಗಿಯ ಅವಧಿ, ಷರತ್ತುಗಳು ಹಾಗೂ 'ಇತರ ಇಲಾಖೆಗಳ ಅನುಮತಿಗೆ ಒಳಪಟ್ಟಿದೆ' ಎಂಬ ವಾಕ್ಯ ಅದರಲ್ಲಿರಬೇಕು. ತಿರಸ್ಕರಿಸುವುದಾದರೆ ಕಾರಣವನ್ನೂ ಮೇಲ್ಮನವಿಯ ದಾರಿಯನ್ನೂ ತಿಳಿಸಬೇಕು. ಶುಲ್ಕಕ್ಕೆ ರಸೀದಿ ಕಡ್ಡಾಯ. ಅರ್ಜಿಯಲ್ಲಿ ಸದಸ್ಯರಿಗೇ ಹಣಕಾಸಿನ ಹಿತಾಸಕ್ತಿಯಿದ್ದರೆ ಅವರು ಆ ವಿಷಯದ ಚರ್ಚೆ ಮತ್ತು ಮತದಾನದಿಂದ ದೂರವಿರಬೇಕು. ಹೊರಗೆ ಕುಳಿತಿದ್ದನ್ನು ನಡವಳಿಯಲ್ಲಿ ದಾಖಲಿಸಿದರೆ ಅವರ ಮಾನವೂ ಉಳಿಯುತ್ತದೆ.

199ನೇ ಪ್ರಕರಣದಂತೆ ಕಟ್ಟಡ ತೆರಿಗೆ ವಿಧಿಸುವುದು ಪಂಚಾಯಿತಿಯ ಅಧಿಕಾರ. ವಾಣಿಜ್ಯ ಬಳಕೆಯ ಕಟ್ಟಡ ವಾಸದ ಮನೆಯ ಲೆಕ್ಕದಲ್ಲಿ ಉಳಿದರೆ ಅದರ ನಷ್ಟ ಊರಿನ ಅಂಗನವಾಡಿಗೆ, ರಸ್ತೆಗೆ, ದೀಪಕ್ಕೆ. ಆದರೆ ತೆರಿಗೆ ಪಡೆದ ಮಾತ್ರಕ್ಕೆ ಅನಧಿಕೃತ ಕಟ್ಟಡ ಸಕ್ರಮವಾಯಿತೆಂದು ಯಾರೂ ಭಾವಿಸಬಾರದು. ಈ ಮಾತನ್ನು ರಸೀದಿಯ ಮೇಲೆಯೇ ಮುದ್ರೆ ಹಾಕಿಸುವುದು ಲೇಸು.

ಈಗಾಗಲೇ ಪರವಾನಗಿಯಿಲ್ಲದೆ ನಡೆಯುತ್ತಿರುವ ಉದ್ದಿಮೆಗಳಿಗೆ ಮೊದಲು ಸಮೀಕ್ಷೆ, ನಂತರ ನೋಟಿಸು, ಕೊನೆಗೆ ಕ್ರಮ ಎಂಬ ಅನುಕ್ರಮ ಸೂಕ್ತ. ಒಂದು ಶನಿವಾರ ಎಲ್ಲ ಮಾಲೀಕರನ್ನು ಪಂಚಾಯಿತಿ ಸಭಾಂಗಣಕ್ಕೆ ಕರೆದು, ಪ್ರವಾಸೋದ್ಯಮ, ಆಹಾರ ಸುರಕ್ಷತೆ ಮತ್ತು ಪೊಲೀಸ್ ಇಲಾಖೆಯ ಸಿಬ್ಬಂದಿಯನ್ನೂ ಆಹ್ವಾನಿಸಿದರೆ, ತಿಂಗಳುಗಳ ಅಲೆದಾಟ ಒಂದೇ ದಿನದಲ್ಲಿ ತಪ್ಪುತ್ತದೆ. ತಿದ್ದಿಕೊಳ್ಳಬಹುದಾದ ಕೊರತೆಗೆ ಕಾಲಾವಕಾಶ ನೀಡಬೇಕು. ಪ್ರಾಣಾಪಾಯದ ಕೊರತೆಗೆ ಒಂದು ದಿನದ ಅವಕಾಶವೂ ಸಲ್ಲದು.

ಮೊದಲು ಹೇಳಿದ ಎರಡು ಅರ್ಜಿಗಳಿಗೆ ಈಗ ಉತ್ತರ ಸ್ಪಷ್ಟವಾಗಿದೆ. ಎರಡು ಕೋಣೆಗಳ ಮಹಿಳೆಗೆ ಪಂಚಾಯಿತಿ ಒಂದು ಪಟ್ಟಿಯನ್ನು ಕೊಡಬೇಕು: ಸ್ವತ್ತಿನ ದಾಖಲೆ, ವ್ಯಾಪಾರ ಪರವಾನಗಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಆಹಾರ ನೋಂದಣಿ, ಅತಿಥಿಗಳ ವಹಿ, ಗೀಸರ್ ಮತ್ತು ಬೆಂಕಿಯ ಸುರಕ್ಷತೆ. ಪಂಚಾಯಿತಿಯ ಕೆಲಸವನ್ನು ನಿಗದಿತ ಅವಧಿಯೊಳಗೆ ಮುಗಿಸಿ, ಉಳಿದ ಕಚೇರಿಗಳ ದಾರಿ ತೋರಿಸಬೇಕು. ಇಪ್ಪತ್ತು ಕುಟೀರಗಳ ಸಂಸ್ಥೆಗೆ 'ಇದು ಹೋಂಸ್ಟೇ ಅಲ್ಲ, ರೆಸಾರ್ಟ್' ಎಂದು ಲಿಖಿತವಾಗಿ ತಿಳಿಸಿ, ಭೂ ಪರಿವರ್ತನೆಯಿಂದ ಆರಂಭಿಸಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯವರೆಗೆ ಎಲ್ಲವನ್ನೂ ತರುವಂತೆ ಸೂಚಿಸಬೇಕು. ತಂದರೆ ನಿಯಮದಂತೆ ಅನುಮತಿ, ತರದಿದ್ದರೆ ನಿರಾಕರಣೆ. ಇಬ್ಬರಿಗೂ ಒಂದೇ ಅಳತೆಗೋಲು; ಹೊರೆ ಮಾತ್ರ ಅವರವರ ಉದ್ದಿಮೆಯ ಗಾತ್ರಕ್ಕೆ ತಕ್ಕಷ್ಟು.

ಮುಂದಿನ ಸಾಮಾನ್ಯ ಸಭೆಯಲ್ಲಿ ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ವ್ಯಾಪ್ತಿಯ ವಸತಿ ಉದ್ದಿಮೆಗಳ ವಹಿಯೊಂದನ್ನು ತೆರೆಯಬೇಕು. ಹೆಸರು, ಸ್ಥಳ, ಕೋಣೆಗಳು, ಪರವಾನಗಿಯ ಸಂಖ್ಯೆ ಮತ್ತು ಅವಧಿ, ಕೊನೆಯ ಪರಿಶೀಲನೆಯ ದಿನಾಂಕ ಎಂಬ ಐದು ಅಂಕಣಗಳು ಅದಕ್ಕೆ ಸಾಕು. ಆ ವಹಿ ಪೂರ್ಣವಾಗಿರುವ ಊರಿನಲ್ಲಿ ಅತಿಥಿಯೂ ನಿಶ್ಚಿಂತೆಯಿಂದ ಮಲಗುತ್ತಾರೆ, ನೆರೆಮನೆಯವರೂ ಮಲಗುತ್ತಾರೆ.